ಅಟ್ಟದಿಂದ ಇಳಿದ ಬಾಟಲಿಗಳನ್ನು ಏನು ಮಾಡಲಿ?

ಪ್ರಶ್ನೆ: ನಾವು ಸಿಂಧನೂರು ತಾಲೂಕಿನ ಒಂದು ಹಳ್ಳಿಯವರು. ಕಾಲುವೆ ನೀರಿನ ಜಮೀನು. ಮೊದಲು ಹತ್ತಿ ಹಾಕುತ್ತಿದ್ದೆವು, ಈಗ ಭತ್ತ. ಮಾವನವರು ತೀರಿಕೊಂಡು ವರ್ಷವಾಯಿತು. ಈಗ ಹಳೆ ಮನೆ ರಿಪೇರಿ ಹಿಡಿದಿದ್ದೇವೆ. ಅಟ್ಟ ಖಾಲಿ ಮಾಡಿದಾಗ ಹೊಲಕ್ಕೆ ಹೊಡೆಯುವ ಎಣ್ಣೆಯ ಏಳೆಂಟು ಬಾಟಲಿ ಸಿಕ್ಕವು. ಕೆಲವಕ್ಕೆ ಚೀಟಿಯೇ ಇಲ್ಲ. ಕಾಳಿಗೆ ಇಡುವ ಗುಳಿಗೆಯ ಒಂದು ಡಬ್ಬಿ, ಇಲಿ ಪೇಸ್ಟು, ಹಳೆ ಟ್ಯೂಬ್‌ಲೈಟು, ಟ್ರ್ಯಾಕ್ಟರ್ ಬ್ಯಾಟರಿ, ಒಂದು ಚೀಲ ಹಳೆ ಮಾತ್ರೆ ಸಹ ಇವೆ. ಎಲ್ಲಾ ಹಳ್ಳಕ್ಕೆ ಚೆಲ್ಲಿ ಬನ್ನಿ ಅಂತಾರೆ ಅತ್ತೆ. ಸುಟ್ಟುಬಿಡೋಣ ಅಂತಾರೆ ನಮ್ಮ ಮನೆಯವರು. ಎರಡು ವರ್ಷದ್ದೊಂದು, ಆರು ವರ್ಷದ್ದೊಂದು ಮಕ್ಕಳಿವೆ, ನನಗೆ ಹೆದರಿಕೆ. ಇನ್ನೊಂದು ವಿಷಯ. ಮೊನ್ನೆ ಬಚ್ಚಲು ತೊಳೆಯುವಾಗ ಆಸಿಡ್ ಹಾಕಿದೆ. ಕಲೆ ಹೋಗಲಿಲ್ಲ ಅಂತ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಗಂಟಲು ಉರಿದು ಉಸಿರು ಕಟ್ಟಿದ ಹಾಗಾಯಿತು. ಎರಡು ದಿನ ಕೆಮ್ಮು ಇತ್ತು, ಈಗ ಆರಾಮ ಇದ್ದೇನೆ. ಏನಾಗಿತ್ತು ಅದು?

ಉತ್ತರ: ತಂಗಿ, ಪೂರ್ತಿ ಓದುವ ಮೊದಲು ಎದ್ದು ಹೋಗಿ ಒಂದು ಕೆಲಸ ಮಾಡಿ. ಅಟ್ಟದಿಂದ ಇಳಿಸಿದ ಸಾಮಾನು ಈಗ ಎಲ್ಲಿದೆ ನೋಡಿ. ಪಡಸಾಲೆಯಲ್ಲೋ, ಜೋಳದ ಚೀಲದ ಪಕ್ಕದಲ್ಲೋ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಇಷ್ಟು ವರ್ಷ ಅವು ಮೇಲೆ ಇದ್ದವು, ಮಕ್ಕಳ ಕೈಗೆ ಸಿಗುತ್ತಿರಲಿಲ್ಲ. ಈಗ ನೆಲಕ್ಕೆ ಬಂದಿವೆ. ರಿಪೇರಿ ನಡೆಯುವ ಮನೆಯಲ್ಲಿ ಮಕ್ಕಳು ಎಲ್ಲಿ ಹೋದವು ಅಂತ ಯಾರಿಗೂ ಗಮನ ಇರುವುದಿಲ್ಲ. ಅಪಾಯ ಜಾಸ್ತಿ ಇರುವುದು ಈ ನಾಲ್ಕು ದಿನದಲ್ಲೇ.

ಜನ ಮಲಗದ, ಅಡುಗೆ ಮಾಡದ, ಕಾಳು ಇಡದ ಜಾಗ ಬೇಕು. ಹೊಲದಲ್ಲಿ ಶೆಡ್ಡು ಇದ್ದರೆ ಅದೇ ಸರಿ. ದನ ಕಟ್ಟುವ ಜಾಗ ಬೇಡ. ಗಾಳಿ ಆಡಬೇಕು, ಮಳೆ ನೀರು ಸೋರಬಾರದು, ಬಾಗಿಲಿಗೆ ಬೀಗ ಇರಬೇಕು. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಒಂದು ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಒಣ ಮಣ್ಣು ಹಾಸಿ, ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ ಇಡಿ. ಸೋರಿದರೆ ಮಣ್ಣು ಹೀರಿಕೊಳ್ಳುತ್ತದೆ. ಯಾವುದು ಏನು ಅಂತ ತಿಳಿಯಲಿಕ್ಕೆ ಮುಚ್ಚಳ ತೆಗೆದು ಮೂಸಬೇಡಿ. ಜಾಗ ಉಳಿಯಲಿ ಅಂತ ಎರಡು ಬಾಟಲಿಯದ್ದು ಒಂದಕ್ಕೆ ಸುರಿಯಬೇಡಿ. ಗುಳಿಗೆಯ ಡಬ್ಬಿ ಈ ಬುಟ್ಟಿಯಲ್ಲಿ ಬೇಡ, ಅದನ್ನು ಬೇರೆ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಷ್ಟು ಆಯಿತಾ? ಈಗ ಬಚ್ಚಲಿಗೆ ಬರೋಣ.

ಅವತ್ತು ನಿಮ್ಮ ಬಚ್ಚಲಲ್ಲಿ ಹುಟ್ಟಿದ್ದು ಕ್ಲೋರಿನ್ ಅನಿಲ. ಬ್ಲೀಚಿಂಗ್ ಪೌಡರ್ ಅಂದರೆ ಸುಣ್ಣದಲ್ಲಿ ಹಿಡಿದಿಟ್ಟ ಕ್ಲೋರಿನ್. ಬಚ್ಚಲಿಗೆ ಹಾಕುವ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಪೌಡರ್ ಮೇಲೆ ಆಸಿಡ್ ಬಿದ್ದ ಕೂಡಲೇ ಆ ಹಿಡಿತ ಬಿಟ್ಟುಹೋಗಿ ಅನಿಲ ಹೊರಗೆ ಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಎದುರಾಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಕುಕ್ಕರುಗಾಲಲ್ಲಿ ಕೂತು ಬ್ರಷ್ ಹಿಡಿದು ತಿಕ್ಕುತ್ತಾರೆ. ಮೂಗು ನೆಲದಿಂದ ಎರಡು ಅಡಿ ಮೇಲೆ. ಬಚ್ಚಲಿಗೆ ಇರುವುದು ಒಂದು ಚಿಕ್ಕ ಬೆಳಕಿಂಡಿ, ಅದೂ ಮೇಲೆ. ಅನಿಲ ಎಲ್ಲಿ ಹೋಗಬೇಕು?

ಅದು ಮೂಗು, ಗಂಟಲು, ಶ್ವಾಸಕೋಶದ ಪಸೆಯ ಜೊತೆ ಸೇರಿ ಅಲ್ಲೇ ಆಮ್ಲವಾಗುತ್ತದೆ. ಅದಕ್ಕೇ ಆ ಉರಿ. ಉಸಿರಿನ ಜೊತೆ ಜಾಸ್ತಿ ಒಳಗೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಲವೊಮ್ಮೆ ಇದು ತಕ್ಷಣ ಗೊತ್ತಾಗುವುದಿಲ್ಲ. ಹೊರಗೆ ಬಂದು ಆರಾಮಾಯಿತು ಅಂದುಕೊಂಡವರಿಗೆ ಕೆಲವು ಗಂಟೆ ಕಳೆದ ಮೇಲೆ ಉಸಿರು ಸಾಲದಂತಾಗುತ್ತದೆ. ನಿಮಗೆ ಕೆಮ್ಮು ನಿಂತಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ ಅಂದರೆ ಹೆದರಬೇಡಿ. ಏದುಸಿರು ಇದ್ದರೆ, ಎದೆಯಲ್ಲಿ ಸುಂಯ್ ಅನ್ನುವ ಸದ್ದು ಇದ್ದರೆ ಒಮ್ಮೆ ಎದೆ ಪರೀಕ್ಷೆ ಮಾಡಿಸಿಕೊಳ್ಳಿ. ದಮ್ಮು ಇರುವವರಿಗಂತೂ ಇದು ತುಂಬಾ ಕೆಟ್ಟದ್ದು. ಮುಂದೆ ಯಾರಿಗಾದರೂ ಹೀಗೆ ಆದರೆ ಸುಮ್ನೆ ಹೊರಗೆ ಬಂದುಬಿಡಿ. ಅರ್ಧ ತೊಳೆದದ್ದು ಅರ್ಧವೇ ಇರಲಿ. ಬಾಗಿಲು ತೆರೆದಿಟ್ಟು ಒಂದು ತಾಸು ಅತ್ತ ಹೋಗಬೇಡಿ.

ನೀವು ಯಾಕೆ ಎರಡನ್ನೂ ಹಾಕಿದಿರಿ ಅಂತ ನನಗೆ ಗೊತ್ತು. ನಮ್ಮ ಬೋರ್‌ವೆಲ್ ನೀರು ಗಡಸು. ಬಿದ್ದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಅದು ಸುಣ್ಣದ ಜಾತಿಯ ಕಲೆ. ಅದನ್ನು ಆಸಿಡ್ ಬುರುಬುರು ಅಂತ ಕರಗಿಸುತ್ತದೆ. ಬ್ಲೀಚಿಂಗ್ ಪೌಡರ್‌ಗೆ ಆ ಕೆಲಸ ಬರುವುದೇ ಇಲ್ಲ. ಅದು ರೋಗಾಣು ಕೊಲ್ಲುತ್ತದೆ, ಪಾಚಿಯ ಬಣ್ಣ ತೆಗೆಯುತ್ತದೆ ಅಷ್ಟೆ. ಎರಡು ಬೇರೆ ಬೇರೆ ಕೆಲಸ. ಒಟ್ಟಿಗೆ ಹಾಕಿದರೆ ಶಕ್ತಿ ಜಾಸ್ತಿ ಆಗುತ್ತದೆ ಅನ್ನುವುದು ತಪ್ಪು. ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ, ಉಳಿದದ್ದು ಅನಿಲವಾಗಿ ನಿಮ್ಮ ಮೂಗಿಗೆ ಬರುತ್ತದೆ. ಒಂದು ದಿನ ಒಂದನ್ನೇ ಹಾಕಿ. ಬಾಗಿಲು ತೆರೆದಿಟ್ಟು, ನಿಂತುಕೊಂಡು, ಉದ್ದ ಹಿಡಿಯ ಬ್ರಷ್‌ನಿಂದ ತಿಕ್ಕಿ, ಧಾರಾಳ ನೀರು ಹೊಯ್ಯಿರಿ. ವಿನೆಗರ್, ನಿಂಬೆರಸ ಕೂಡ ಆಮ್ಲವೇ. ಮನೆ ಮದ್ದು ಅಂತ ಅವನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೂ ಕ್ಲೋರಿನ್ನೇ ಬರುತ್ತದೆ. ಮೂತ್ರದ ವಾಸನೆ ಇರುವ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕುವಾಗಲೂ ಮೊದಲು ನೀರು ಹೊಯ್ಯಬೇಕು. ಇಲ್ಲದಿದ್ದರೆ ಮೂತ್ರದ ಅಮೋನಿಯಾ ಜೊತೆ ಸೇರಿ ಇನ್ನೊಂದು ಉರಿ ಅನಿಲ ಹುಟ್ಟುತ್ತದೆ.

ಊರ ಮೇಲೆ ಮಾರಿಕೊಂಡು ಬರುವವರ ಹತ್ತಿರ ಆಸಿಡ್ ತಗೊಳ್ಳುತ್ತೀರಲ್ಲ, ಆ ಬಾಟಲಿ ಯಾವುದು ನೋಡಿದ್ದೀರಾ? ಬಹಳ ಸಲ ತಂಪು ಪಾನೀಯದ ಬಾಟಲಿಯೇ ಇರುತ್ತದೆ. ಮೇಲೆ ಹೆಸರಿಲ್ಲ, ಎಷ್ಟು ತೀಕ್ಷ್ಣ ಅಂತ ಬರೆದಿಲ್ಲ. ನನ್ನ ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಯಾವ ರಾಸಾಯನಿಕವನ್ನೂ ಅದರ ಸ್ವಂತ ಡಬ್ಬಿಯಿಂದ ಬೇರೆಯದಕ್ಕೆ ಬಗ್ಗಿಸಬೇಡಿ. 22 ವರ್ಷ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಕೆಲಸ ಮಾಡಿದ್ದೇನೆ. ಗೊತ್ತಿಲ್ಲದೆ ವಿಷ ಕುಡಿದು ಬಂದ ಮಕ್ಕಳಲ್ಲಿ ಹೆಚ್ಚಿನವರು ಕುಡಿದದ್ದು ನೀರಿನ ಬಾಟಲಿಯಿಂದ, ಲೋಟದಿಂದ, ಜ್ಯೂಸಿನ ಬಾಟಲಿಯಿಂದ.

ಒಬ್ಬ ಹುಡುಗನನ್ನು ಮರೆಯಲಿಕ್ಕೆ ಆಗಿಲ್ಲ. ನಾಲ್ಕು ವರ್ಷದವನು. ದೀಪಾವಳಿಗೆ ಮುಂಚೆ ಅವರ ಮನೆಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣಕ್ಕೆ ಬೆರೆಸುವ ಥಿನ್ನರ್ ಅರ್ಧ ಲೀಟರ್ ನೀರಿನ ಬಾಟಲಿಯಲ್ಲಿ ಇತ್ತು. ನೋಡಲಿಕ್ಕೆ ನೀರೇ. ಆಡಿ ಬಂದವನು ಎತ್ತಿ ಎರಡು ಗುಟುಕು ಕುಡಿದ. ಅಜ್ಜಿ ಗಾಬರಿಯಲ್ಲಿ ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು. ಮೊಮ್ಮಗನನ್ನು ಉಳಿಸಬೇಕು ಅಂತಲೇ ಮಾಡಿದ್ದು. ಆದರೆ ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಇವು ಹೊಟ್ಟೆಯಲ್ಲಿ ಇದ್ದಾಗ ಮಾಡುವ ಹಾನಿಗಿಂತ ವಾಂತಿಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಾಗ ಮಾಡುವ ಹಾನಿ ದೊಡ್ಡದು. ಅವನು ನಮ್ಮಲ್ಲಿಗೆ ಬಂದಾಗ ಬಾಯಿಂದ ಬಣ್ಣದಂಗಡಿಯ ವಾಸನೆ ಬರುತ್ತಿತ್ತು, ಪಕ್ಕೆಲುಬಿನ ಸಂದುಗಳು ಒಳಗೆ ಎಳೆದುಕೊಳ್ಳುತ್ತಿದ್ದವು. ನ್ಯುಮೋನಿಯಾ ಆಗಿ ಒಂಬತ್ತು ದಿನ ಆಮ್ಲಜನಕದ ಮೇಲೆ ಇದ್ದ. ಉಳಿದ. ಅಜ್ಜಿ ಆ ಒಂಬತ್ತು ದಿನವೂ ವಾರ್ಡಿನ ಹೊರಗೆ ಗೋಡೆಗೆ ಆತುಕೊಂಡು ಕೂತಿದ್ದರು.

ಈಗ ನಿಮ್ಮ ಬಾಟಲಿಗಳು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಕ್ಕೆ ಎಣ್ಣೆ ಅನ್ನುತ್ತೇವೆ. ಅಡುಗೆಯದ್ದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ. ಈ ಒಂದು ಹೆಸರೇ ಎಷ್ಟು ಗೊಂದಲ ಮಾಡುತ್ತದೆ ನೋಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತು. ನಮ್ಮ ಹತ್ತಿ ಹೊಲಗಳಿಗೆ ವರ್ಷಗಟ್ಟಲೆ ಹೊಡೆದ ಕೀಟನಾಶಕವೇ ಅದು. ಕೀಟನಾಶಕದ ಡಬ್ಬಿಯಲ್ಲಿ ಅಡುಗೆ ಎಣ್ಣೆ ಇಟ್ಟಿದ್ದರು ಅಂತ ಆಗ ತನಿಖೆ ಮಾಡಿದವರು ಹೇಳಿದರು. ನೀವೂ ಇವತ್ತಿನಿಂದ ಮನೆಯಲ್ಲಿ ಅದಕ್ಕೆ ಎಣ್ಣೆ ಅನ್ನಬೇಡಿ. ವಿಷ ಅನ್ನಿ. ಆರು ವರ್ಷದ ಮಗುವಿಗೆ ಆ ಪದ ಅರ್ಥ ಆಗುತ್ತದೆ.

ಚೀಟಿ ಉಳಿದಿರುವ ಬಾಟಲಿಗಳ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಕಾಣುತ್ತದೆ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ, ಮೇಲೆ ತಲೆಬುರುಡೆ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. 1971ರ ಕೀಟನಾಶಕ ನಿಯಮಗಳಲ್ಲೇ ಇದು ಇದೆ. ಕೆಂಪು ಅಂದರೆ ದೇಹದ ತೂಕದ ಒಂದು ಕಿಲೋಗೆ 50 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ವಿಷ ಹೊಟ್ಟೆಗೆ ಹೋದರೆ ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಸಾಯುತ್ತವೆ. ನಿಮ್ಮ ಚಿಕ್ಕ ಮಗು 11-12 ಕಿಲೋ ಇರಬಹುದು. ಲೆಕ್ಕ ಹಾಕಿದರೆ ಅರ್ಧ ಗ್ರಾಂ ಚಿಲ್ಲರೆ. 36 ಪರ್ಸೆಂಟಿನ ಮೊನೊಕ್ರೊಟೊಫಾಸ್ ಒಂದು ಚಹಾ ಚಮಚದಲ್ಲಿ ಸುಮಾರು 1.8 ಗ್ರಾಂ ವಿಷ ಇರುತ್ತದೆ. ಮುಚ್ಚಳದಲ್ಲಿ ಉಳಿದದ್ದೇ ಸಾಕು ಅನ್ನುವುದು ಇದಕ್ಕೇ.

ಹತ್ತಿ ಕಾಲದ ಬಾಟಲಿಗಳಲ್ಲಿ ಕೆಂಪು, ಹಳದಿಯೇ ಜಾಸ್ತಿ. ಚೀಟಿ ಇಲ್ಲದ್ದನ್ನೆಲ್ಲ ಕೆಂಪು ಅಂತಲೇ ತಿಳಿಯಿರಿ. ಭತ್ತಕ್ಕೆ ಹೊಡೆದು ಖಾಲಿ ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಎಂಡೋಸಲ್ಫಾನ್ ಕೂಡ ಅದರಲ್ಲಿ ಇರಬಹುದು. ಚೀಟಿ ಸರಿಯಾಗಿ ಇದ್ದು, ಅವಧಿಯೂ ಮುಗಿದಿಲ್ಲ ಅಂದರೆ ಮಾತ್ರ ಅದರಲ್ಲಿ ಬರೆದ ಬೆಳೆಗೆ, ಬರೆದ ಪ್ರಮಾಣದಲ್ಲಿ ಬಳಸಬಹುದು.

ಇಲ್ಲಿ ನೀವು ಕೇಳದ ಒಂದು ಮಾತು ಹೇಳಲೇಬೇಕು. ಮಿಕ್ಕ ಎಣ್ಣೆಯನ್ನು ನಮ್ಮ ಮನೆಗಳಲ್ಲಿ ಬೇರೆ ಕೆಲಸಕ್ಕೂ ಬಳಸುತ್ತಾರೆ. ಮಂಚದ ತಿಗಣೆಗೆ ಹೊಡೆಯುತ್ತಾರೆ, ನಾಯಿಯ ಉಣ್ಣೆಗೆ ಹಚ್ಚುತ್ತಾರೆ. ಹೆಣ್ಣುಮಕ್ಕಳ ತಲೆಯ ಹೇನಿಗೆ ಕೂಡ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚುತ್ತಾರೆ. ಈ ವಿಷ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ನೆತ್ತಿಯಲ್ಲಿ ಇನ್ನೂ ಬೇಗ, ತುರಿಸಿ ಗಾಯವಾಗಿದ್ದರೆ ಮತ್ತೂ ಬೇಗ. ಹೇನಿಗೆ ಔಷಧಿ ಅಂಗಡಿಯಲ್ಲಿ ಬೇರೆ ಲೋಷನ್ ಸಿಗುತ್ತದೆ, ಹೇನು ಬಾಚಣಿಗೆ ಇದೆ. ನಮ್ಮ ಅಪ್ಪ ಹತ್ತಿಗೆ ಔಷಧ ಹೊಡೆದು ಬಂದ ದಿನ ಅವರ ಅಂಗಿ ಬೆನ್ನಿಗೆ ಅಂಟಿಕೊಂಡು ಒದ್ದೆಯಾಗಿ ಇರುತ್ತಿತ್ತು. ಪಂಪು ಸೋರಿದ ಗುರುತು ಹಳದಿಯಾಗಿ ಕಾಣುತ್ತಿತ್ತು. ಅವ್ವ ಅದನ್ನು ನಮ್ಮ ಶಾಲೆ ಬಟ್ಟೆಯ ಜೊತೆಯೇ ನೆನೆಸುತ್ತಿದ್ದಳು. ಅವತ್ತು ರಾತ್ರಿ ಅಪ್ಪನಿಗೆ ತಲೆನೋವು, ಬಾಯಲ್ಲಿ ನೀರು. ಬಿಸಿಲು ಹತ್ತಿರಬೇಕು ಅನ್ನುತ್ತಿದ್ದರು. ಬಿಸಿಲಲ್ಲ ಅದು ಅಂತ ನನಗೆ ತಿಳಿದದ್ದು ವೈದ್ಯಕೀಯ ಓದಿದ ಮೇಲೆ. ನಿಮ್ಮ ಮನೆಯವರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ತೊಳೆಯಿರಿ. ಅವರು ಮನೆಗೆ ಬಂದ ಕೂಡಲೇ, ಮಕ್ಕಳನ್ನು ಎತ್ತಿಕೊಳ್ಳುವ ಮೊದಲು, ಸಾಬೂನು ಹಚ್ಚಿ ಜಳಕ ಮಾಡಲಿ.

ಗುಳಿಗೆಯ ಡಬ್ಬಿ. ನೀವು ಬರೆದ ಪಟ್ಟಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಕಾಳಿಗೆ ಇಡುವ ಗುಳಿಗೆ ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಒಣಗಿದ್ದಾಗ ಸುಮ್ಮನೆ ಇರುತ್ತದೆ. ಗಾಳಿಯ ಪಸೆ ತಾಗಿದರೆ ಫಾಸ್ಫೀನ್ ಅನಿಲ ಬಿಡಲಿಕ್ಕೆ ಶುರು ಮಾಡುತ್ತದೆ. 3 ಗ್ರಾಂನ ಒಂದು ಗುಳಿಗೆ 1 ಗ್ರಾಂ ಅನಿಲ ಬಿಡುತ್ತದೆ. ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ. ಇದಕ್ಕೆ ಪ್ರತಿವಿಷ ಅಂತ ಯಾವುದೂ ಇಲ್ಲ. ಕಾಳಿನ ಚೀಲಕ್ಕೆ ಗುಳಿಗೆ ಇಟ್ಟು, ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಮಲಗಿದ ಮನೆಮಂದಿ ಬೆಳಗ್ಗೆ ಏಳದೇ ಹೋದದ್ದು ಈ ದೇಶದಲ್ಲಿ ಮತ್ತೆ ಮತ್ತೆ ಆಗಿದೆ. ಮಕ್ಕಳು ಮೊದಲು ಸಾಯುತ್ತವೆ. ಕಾನೂನಿನ ಪ್ರಕಾರ ಇದನ್ನು ಮನೆಯವರು ಬಳಸುವಂತೆಯೇ ಇಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರು ತಜ್ಞರ ಉಸ್ತುವಾರಿಯಲ್ಲಿ ಬಳಸಬೇಕು.

ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳಿ. ಈ ಗುಳಿಗೆಯನ್ನು ನೀರಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ನೀರಿಗೆ ಬಿದ್ದರೆ ಅನಿಲ ಒಮ್ಮೆಲೇ ನುಗ್ಗುತ್ತದೆ, ಹೊತ್ತಿಕೊಳ್ಳಲೂಬಹುದು. ಡಬ್ಬಿ ತೆಗೆದು ಎಷ್ಟಿವೆ ಅಂತ ಎಣಿಸಬೇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮುಚ್ಚಳ ಬಿಗಿಯಾಗಿದ್ದರೆ ಹಾಗೆಯೇ, ಮನೆಯಿಂದ ದೂರ, ಒಣ ಜಾಗದಲ್ಲಿ, ನೆಲದಿಂದ ಎತ್ತರದಲ್ಲಿ ಬೀಗದೊಳಗೆ ಇಡಿ. ಬೆಳ್ಳುಳ್ಳಿ ವಾಸನೆ ಬರುತ್ತಿದೆ, ಡಬ್ಬಿ ಉಬ್ಬಿದೆ ಅಂದರೆ ಮುಟ್ಟಲೇಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು ಅಗ್ನಿಶಾಮಕ ಠಾಣೆಗೆ 112ರ ಮೂಲಕ ತಿಳಿಸಿ. ಮುಂದಕ್ಕೆ ಕಾಳು ಕೆಡದಿರಲು ಚೆನ್ನಾಗಿ ಒಣಗಿಸುವುದು, ಗಾಳಿಯಾಡದ ಚೀಲ, ಬೇವಿನ ಎಲೆ ಸಾಕು. ಕಾಳು ಸ್ವಲ್ಪ ನುಸಿ ಹಿಡಿದರೂ ಪರವಾಗಿಲ್ಲ.

ಇಲಿ ಪೇಸ್ಟಿನದ್ದು ಬೇರೆ ಮೋಸ. ಟ್ಯೂಬು ಹಲ್ಲುಜ್ಜುವ ಪೇಸ್ಟಿನ ಹಾಗೇ ಇರುತ್ತದೆ. ಇಂಥ ಪೇಸ್ಟುಗಳಲ್ಲಿ ಹಳದಿ ರಂಜಕ ಇರುತ್ತದೆ. ತಿಂದವರಿಗೆ ಮೊದಲ ದಿನ ಸ್ವಲ್ಪ ವಾಂತಿ ಆಗಿ ಆಮೇಲೆ ಆರಾಮ ಅನಿಸುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕಣ್ಣು ಹಳದಿಯಾಗಿ ಲಿವರ್ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ಬಂದವರನ್ನು ಉಳಿಸುವುದು ಕಷ್ಟ. ಮಗುವಿನ ಬಾಯಿಗೆ ಹೋಗಿದೆ ಅನ್ನುವ ಅನುಮಾನ ಬಂದರೂ, ಮಗು ಆಡುತ್ತಿದ್ದರೂ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಳ್ಳಕ್ಕೆ ಚೆಲ್ಲುವ ಮಾತಿಗೆ ಇನ್ನೂ ಒಂದು ಉತ್ತರ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊಪ್ಪಳದಿಂದ ಹಿಡಿದು ಸಿಂಧನೂರು, ಮಾನ್ವಿ, ರಾಯಚೂರಿನವರೆಗೆ ಬರುತ್ತದೆ. ಅದರಿಂದ ಹೊಲವಷ್ಟೇ ತೊಯ್ಯುವುದಿಲ್ಲ. ನೀರು ಬಿಟ್ಟಾಗ ಊರಿನ ಕುಡಿಯುವ ನೀರಿನ ಕೆರೆ ತುಂಬಿಸಿಕೊಂಡು ಬೇಸಿಗೆ ದಾಟಿಸುತ್ತೇವೆ. ಕಾಲುವೆ ದಂಡೆ ಮೇಲೆ ಎಸೆದ ಬಾಟಲಿ ಮುಂದಿನ ಊರಿನ ಕೊಡಕ್ಕೆ ಬರುತ್ತದೆ. ಹಳ್ಳದಲ್ಲಿ ದನ ನೀರು ಕುಡಿಯುತ್ತವೆ, ಮಕ್ಕಳು ಈಜುತ್ತವೆ.

ಸುಡುವುದೂ ಬೇಡ. ಸುಟ್ಟರೆ ವಿಷ ಇಲ್ಲವಾಗುವುದಿಲ್ಲ, ಹೊಗೆಯಾಗಿ ಹರಡುತ್ತದೆ. ಜಳಕದ ನೀರು ಕಾಯಿಸುವ ಹಂಡೆಯ ಒಲೆಗೆ ಖಾಲಿ ಬಾಟಲಿ ತುರುಕುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಹೊಗೆಯ ಎದುರಿಗೆ ಕೂತಿರುವವರು ಮನೆಯ ಮುದುಕರು ಮತ್ತು ಚಳಿ ಕಾಯಿಸುವ ಮಕ್ಕಳು.

ಉಳಿದವು ಸುಲಭ. ಟ್ಯೂಬ್‌ಲೈಟ್, ಸಿ.ಎಫ್.ಎಲ್. ಬಲ್ಬುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆಯದ ಹಾಗೆ ರಟ್ಟಿನಲ್ಲಿ ಸುತ್ತಿ ಇಡಿ. ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗೆ ಇರಿ, ಆಮೇಲೆ ಪೊರಕೆ ಮುಟ್ಟದೆ ದಪ್ಪ ರಟ್ಟಿನಿಂದ ಬಳಿದು, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ. ಟ್ರ್ಯಾಕ್ಟರ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಕೊಡಿ, ಹಳೆಯದಕ್ಕೆ ದುಡ್ಡೂ ಸಿಗುತ್ತದೆ. ಅಂಗಳದಲ್ಲಿ ಆಸಿಡ್ ಚೆಲ್ಲಿ ಸೀಸ ಒಡೆದು ತೆಗೆಯುವ ಗುಜರಿಯವರಿಗೆ ಬೇಡ. ಸೀಸದ ಪುಡಿ ಮಣ್ಣಿನಲ್ಲಿ ಉಳಿದು ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಮಾತ್ರೆಗಳನ್ನು ತಿಪ್ಪೆಗೆ ಹಾಕಬೇಡಿ, ದನ ತಿನ್ನುತ್ತವೆ. ಒಂದು ಡಬ್ಬಿಯಲ್ಲಿ ಹಾಕಿ ಟೇಪು ಸುತ್ತಿ ಉಳಿದವುಗಳ ಜೊತೆ ಇಡಿ. ಖಾಲಿ ಕ್ಯಾನು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಮೊಳೆಯಿಂದ ತೂತು ಹೊಡೆದುಬಿಡಿ, ಇನ್ನೊಬ್ಬರು ನೀರು ತುಂಬುವಂತಾಗಬಾರದು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮಿಗೂ ಇದೇ ಮಾತು. ಮೊದಲು ಏನು ತುಂಬಿದ್ದರು ಅಂತ ತಿಳಿಯದೆ ಅದರಲ್ಲಿ ಕುಡಿಯುವ ನೀರು ಹಿಡಿಯಬೇಡಿ.

ಇವನ್ನೆಲ್ಲ ಕೊನೆಗೆ ಯಾರಿಗೆ ಕೊಡುವುದು? 2016ರ ಘನತ್ಯಾಜ್ಯ ನಿಯಮಗಳಲ್ಲಿ ಕೀಟನಾಶಕದ ಡಬ್ಬಿ, ಬಣ್ಣದ ಡಬ್ಬಿ, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಬ್ಯಾಟರಿ, ಇಂಜೆಕ್ಷನ್ ಸೂಜಿ ಇವನ್ನು ಗೃಹ ಅಪಾಯಕಾರಿ ತ್ಯಾಜ್ಯ ಅಂತ ಬೇರೆಯಾಗಿಯೇ ಹೆಸರಿಸಿದರು. ಪಟ್ಟಣಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಇರಬೇಕು ಅಂತ ಬರೆದರು. ಆ ನಿಯಮ ಬರೆದದ್ದು ಪಟ್ಟಣಗಳಿಗೆ. ಆದರೆ ಈ ವಿಷ ಜಾಸ್ತಿ ಇರುವುದು ಹಳ್ಳಿಯ ಅಟ್ಟಗಳಲ್ಲಿ, ಅಲ್ವಾ? ಇದು ನನಗೆ ತುಂಬಾ ನೋವಿನ ವಿಷಯ. ಅದಕ್ಕೇ ನೀವು ಕೇಳಬೇಕು. ನಿಮ್ಮ ಪಂಚಾಯಿತಿಯ ಕಸ ವಿಲೇವಾರಿ ಘಟಕ, ಸ್ವಚ್ಛ ಸಂಕೀರ್ಣ, ಇದ್ದರೆ ಅಲ್ಲಿ ವಿಚಾರಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಾಟಲಿಗಳ ಫೋಟೋ ತೋರಿಸಿ ಯಾವುದು ಏನು ಅಂತ ಕೇಳಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು, ಕಿಸಾನ್ ಕಾಲ್ ಸೆಂಟರ್ 1800-180-1551 ಅನ್ನು ಕೇಳಬಹುದು. ಬಾಟಲಿಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ, ಫೋಟೋ ಸಾಕು. ಮೊದಲ ಸಲಕ್ಕೆ ಯಾರೂ ಒಪ್ಪದಿರಬಹುದು. ಬೀಗದೊಳಗೆ ಇನ್ನೂ ಎರಡು ತಿಂಗಳು ಇದ್ದರೂ ಪರವಾಗಿಲ್ಲ, ಹಳ್ಳಕ್ಕೆ ಹೋಗಬಾರದು.

ಇಷ್ಟರ ನಡುವೆ ಅವಘಡ ಆದರೆ ಏನು ಮಾಡಬೇಕು ಅಂತ ಮನೆಯವರೆಲ್ಲ ತಿಳಿದಿರಿ. ಏನೇ ಕುಡಿದಿರಲಿ, ವಾಂತಿ ಮಾಡಿಸಬೇಡಿ. ಉಪ್ಪು ನೀರು, ಹುಣಸೆ ನೀರು, ಸಾಬೂನು ನೀರು ಯಾವುದೂ ಬೇಡ. ಆಸಿಡ್ ಇಳಿಯುವಾಗ ಗಂಟಲನ್ನು ಒಮ್ಮೆ ಸುಟ್ಟಿರುತ್ತದೆ, ವಾಂತಿ ಮಾಡಿಸಿದರೆ ಎರಡನೇ ಸಲ ಸುಡುತ್ತದೆ. ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸಾಬೂನು ನೀರಿನಿಂದ ತೊಳೆಯಿರಿ, ತೊಳೆಯುವವರೂ ಗ್ಲೌಸ್ ಹಾಕಿಕೊಳ್ಳಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡು ತೊಳೆಯಿರಿ. ಎಲೆ ಅಡಿಕೆಯ ಸುಣ್ಣದ ಪಾಕೀಟು ಹಿಸುಕಿ ಕಣ್ಣಿಗೆ ಸಿಡಿದ ಮಕ್ಕಳು ಬರುತ್ತಾರೆ. ಸುಣ್ಣ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ, ಅದಕ್ಕೆ ಅರ್ಧ ತಾಸಾದರೂ ತೊಳೆದು ಆಮೇಲೆ ಹೊರಡಿ.

ಹೊಲಕ್ಕೆ ಹೊಡೆಯುವ ಕೆಲವು ವಿಷ ಒಳಗೆ ಹೋದರೆ ಜೊಲ್ಲು ಸುರಿಯುತ್ತದೆ, ಬೆವರು, ಕಣ್ಣೀರು, ಭೇದಿ ಆಗುತ್ತದೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದಾಗುತ್ತದೆ, ಮಾಂಸಖಂಡ ಅದುರುತ್ತದೆ. ಹೀಗೆ ಆಗುವ ವಿಷಗಳಿಗೆ ಅಟ್ರೊಪಿನ್ ಇಂಜೆಕ್ಷನ್ ಇದೆ, ಬೇಗ ತಲುಪಿದವರನ್ನು ಉಳಿಸಿದ್ದೇವೆ. ಆಸ್ಪತ್ರೆಗೆ ಬರುವಾಗ ಆ ಬಾಟಲಿಯನ್ನು ತನ್ನಿ. ಬರೀ ಎಣ್ಣೆ ಕುಡಿದಾನ ಅಂದರೆ ನಮಗೆ ಯಾವ ಎಣ್ಣೆ ಅಂತ ಗೊತ್ತಾಗುವುದಿಲ್ಲ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ದೆಹಲಿಯ ಏಮ್ಸ್‌ನಲ್ಲಿ ವಿಷದ ಮಾಹಿತಿ ಕೇಂದ್ರ ಇದೆ, 1800-116-117, ಹಗಲು ರಾತ್ರಿ ಉತ್ತರಿಸುತ್ತಾರೆ. ಈ ನಂಬರನ್ನು 108ರ ಜೊತೆ ಬಾಗಿಲ ಹಿಂದೆ ಬರೆದಿಡಿ.

ಕೊನೆಗೆ ಅರ್ಜಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರೆಯಿರಿ, ಒಂದು ಪ್ರತಿ ಸಿಂಧನೂರು ನಗರಸಭೆಗೆ, ಇನ್ನೊಂದು ಮಾಲಿನ್ಯ ನಿಯಂತ್ರಣ ಮಂಡಳಿಯ ರಾಯಚೂರು ಕಚೇರಿಗೆ ಕಳಿಸಿ. ಒಕ್ಕಣೆ ಹೀಗಿರಲಿ:

“ನಮ್ಮ ಮನೆಯಲ್ಲಿ ಹಳೆಯ ಕೀಟನಾಶಕದ ಬಾಟಲಿಗಳು (ಎಷ್ಟು ಅಂತ ಬರೆಯಿರಿ), ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ 1 ಡಬ್ಬಿ, ಇಲಿ ಪಾಷಾಣ, ಟ್ಯೂಬ್‌ಲೈಟು ಮತ್ತು ಅವಧಿ ಮುಗಿದ ಮಾತ್ರೆಗಳು ಇವೆ. ಇವು ಗೃಹ ಅಪಾಯಕಾರಿ ತ್ಯಾಜ್ಯ. ಇವನ್ನು ಹಳ್ಳಕ್ಕೆ ಚೆಲ್ಲದೆ, ಸುಡದೆ, ಬೀಗ ಹಾಕಿ ಇಟ್ಟಿದ್ದೇವೆ. ಸುರಕ್ಷಿತವಾಗಿ ಸಾಗಿಸುವ ವ್ಯವಸ್ಥೆ ಮಾಡಿಕೊಡಬೇಕು. ಊರಿನ ಉಳಿದ ಮನೆಗಳಲ್ಲೂ ಇಂಥ ಸಾಮಾನು ಇರುವುದರಿಂದ, ಒಂದು ದಿನ ಗೊತ್ತುಮಾಡಿ ಡಂಗುರ ಹೊಡೆಸಿ ಎಲ್ಲರಿಂದಲೂ ಸಂಗ್ರಹಿಸಬೇಕು ಎಂದು ಕೋರುತ್ತೇನೆ.”

ಫೋಟೋಗಳನ್ನು ಜೊತೆಗೆ ಲಗತ್ತಿಸಿ. ಕೊಟ್ಟ ಅರ್ಜಿಯ ಒಂದು ಪ್ರತಿಗೆ ತಾರೀಖು ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ.